ಇಲ್ಲದ ಮನೆಮಗನ ಬಗ್ಗೆ ನಮ್ಮೂರ ದೊರೆಗಳಿಗೆ

ಮಾನ್ಯ ದೊರೆಗಳೇ,

ಮೂರು ವಾರದ ಹಿಂದಿನ ಗುರುವಾರ, ನಿಮ್ಮ ಅರಮನೆಯ ಅಂಗಳದಲ್ಲಿ, ನಿಮ್ಮ ಕಣ್ಣೆದುರೇ ನಾನೊಂದು ಸುಳ್ಳನ್ನು ಬಾರಿಸಿದೆ. ಓಟಿನಲ್ಲಿ ಗೆದ್ದು ಈ ರಾಜ್ಯವನ್ನು ಆಳುವ ಗವರ್ನರ್ ಆಗಲು ಹೊರಟಿರುವ ಒಬ್ಬ ಮನುಷ್ಯನಿಗೆ, ನಮ್ಮೂರಿನ ಒಂದು ಲೋಟ ನೀರನ್ನೂ ಕುಡಿದಿರದ ಮನುಷ್ಯನಿಗೆ, ನಮ್ಮೂರಿನ ಒಂದು ಮನೆತನವನ್ನು ಡೋಲಿನಲ್ಲಿ ಎತ್ತಿ ಕೊಟ್ಟೆ. ನೀವು ಚಾಮರ ಎತ್ತಿ ಆ ಸುಳ್ಳನ್ನು ಹರಸಿದಿರಿ. ಬರುವ ಶನಿವಾರ ಅದರ ತಲೆಗೆ ಟೋಪಿ ಇಟ್ಟು, ಕೊರಳಿಗೆ ಮಣಿಸರ ಹಾಕಿ, ಅದಕ್ಕೊಂದು ಬಿರುದನ್ನೂ ಕೊಡಲಿದ್ದೀರಿ. ಅದನ್ನು ನಿಲ್ಲಿಸಿ ಎಂದು ಕೇಳುವುದಕ್ಕೆ ಈ ಪತ್ರ.

ನಿಮ್ಮನ್ನು ನಾವು ಕಬಿಯೆಸಿ ಎಂದು ಕರೆಯುತ್ತೇವೆ. ಪ್ರಶ್ನಿಸುವವರಿಲ್ಲದವನು ಎಂದು ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ. ಹೀಗಿರುವಾಗ ಪ್ರಶ್ನಿಸುವುದು ಹೇಗೆ ಎಂದು ನಾನು ಹದಿನೈದು ದಿನ ತಲೆ ಕೆಡಿಸಿಕೊಂಡೆ. ಎರಡು ಸಲ ಅರಮನೆಗೂ ಬಂದೆ. ಎರಡು ಸಲವೂ ನಿಮ್ಮ ಕಾರ್ಯದರ್ಶಿಗಳು ಬಾಗಿಲಲ್ಲೇ ನಿಲ್ಲಿಸಿದರು.

"ಮೇಷ್ಟ್ರೇ, ಡೋಲು ಎಲ್ಲಿ?"

"ಡೋಲು ತಂದಿಲ್ಲ. ದೊರೆಗಳ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ಡೋಲಿಲ್ದೆ ನೀವು ಮಾತಾಡೋದು ಏನಿರುತ್ತೆ? ಚುನಾವಣೆ ಮುಗೀಲಿ, ಬನ್ನಿ."

ಚುನಾವಣೆ ಮುಗಿದ ಮೇಲೆ ಬಂದರೆ ಹೆಣಕ್ಕೆ ಔಷಧಿ ಕುಡಿಸಿದ ಹಾಗೆ. ಆದ್ದರಿಂದ ಈ ಪತ್ರಿಕೆಯವರ ಕಾಲು ಹಿಡಿದು ಇಷ್ಟು ಜಾಗ ಕೇಳಿ ಪಡೆದಿದ್ದೇನೆ. ನಿಮ್ಮ ಮುಂದೆ ಮಣ್ಣಿನಲ್ಲಿ ಉದ್ದಕ್ಕೆ ಮಲಗಿ ನಮಸ್ಕರಿಸಿ ಆಡಬೇಕಾದ ಮಾತನ್ನು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅದಕ್ಕೆ ಕ್ಷಮೆ ಇರಲಿ. ಉಳಿದದ್ದಕ್ಕೆ ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ನಾನು ಯಾರೆಂದು ನಿಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ನಾನು ಒಡೊ-ಇರೊಕೊ ಅರಮನೆಯ ಮುಖ್ಯ ಡೋಲುಗಾರ. ಐದು ತಲೆಮಾರಿನಿಂದ ನಮ್ಮದು ಇದೇ ಕೆಲಸ. ಜೊತೆಗೆ ಮೂವತ್ತೊಂದು ವರ್ಷ ಇದೇ ಊರಿನ ಪ್ರಾಥಮಿಕ ಶಾಲೆಯಲ್ಲಿ, ಸುಳ್ಳು ಹೇಳಬಾರದು ಎಂದು ಬೆತ್ತ ಹಿಡಿದು ಪಾಠ ಮಾಡಿದ್ದೇನೆ. ನಮ್ಮ ಡೋಲು ಮಾತಿನ ಏರಿಳಿತವನ್ನೇ ನುಡಿಯುತ್ತದೆ, ಕೇಳಿದವರಿಗೆ ಪದಪದವೂ ತಿಳಿಯುತ್ತದೆ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಂದು ಬಿರುದಾವಳಿ ಇದೆ. ಆ ಮನೆಯವನು ಅಂಗಳಕ್ಕೆ ಕಾಲಿಟ್ಟರೆ ಡೋಲು ಅದನ್ನು ಹೇಳುತ್ತದೆ, ಅವನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಡೋಲು ಹೇಳಿತೆಂದರೆ ಆಯಿತು, ಅವನು ಆ ಮನೆಯವನೇ. ನಮ್ಮಲ್ಲಿ ಜನನದ ದಾಖಲೆಗೆ ಅಷ್ಟು ಬೆಲೆಯಿಲ್ಲ. ಡೋಲು ಬಾರಿಸುವುದನ್ನು ಕಲಿಸುವ ಮೊದಲು ನಮ್ಮಪ್ಪ ನನಗೆ ಹೇಳಿಕೊಟ್ಟದ್ದು ಒಂದೇ ಮಾತು: "ಯಾರು ಅಂತ ಗೊತ್ತಿಲ್ದಿದ್ರೆ ಸ್ವಾಗತ ಅಂತ ಬಾರ್ಸು, ಅದೂ ಮರ್ಯಾದೆನೇ. ಒಬ್ಬರ ಮನೇನ ಇನ್ನೊಬ್ಬರಿಗೆ ಮಾತ್ರ ಕೊಡ್ಬೇಡ."

ಅರವತ್ತಾರನೆಯ ವಯಸ್ಸಿನವರೆಗೆ ಆ ಮಾತನ್ನು ಉಳಿಸಿಕೊಂಡಿದ್ದೆ.

ಈಗ ಅಭ್ಯರ್ಥಿಗಳ ವಿಷಯಕ್ಕೆ ಬರುತ್ತೇನೆ. ಗವರ್ನರ್ ಚುನಾವಣೆಗೆ ಇನ್ನು ಐದು ವಾರ. ಮತಪತ್ರದಲ್ಲಿ ಹದಿನಾಲ್ಕು ಪಕ್ಷಗಳಿದ್ದರೂ ಹನ್ನೊಂದರ ಚಿಹ್ನೆ ಅವುಗಳ ಅಭ್ಯರ್ಥಿಗಳಿಗೇ ನೆನಪಿರಲಿಕ್ಕಿಲ್ಲ. ಲೆಕ್ಕಕ್ಕೆ ಇರುವವರು ಮೂವರು. ಮೊದಲನೆಯವರು ಎಂಜಿನಿಯರ್. ಅವರ ತಾಯಿಯ ತಾಯಿ ನಮ್ಮ ಹಳೆ ಸಂತೆಬೀದಿಯವರು. ಇದು ನಿಜ, ಆ ಅಜ್ಜಿಯ ಮಣ್ಣಿಗೆ ನಾನೇ ಬಾರಿಸಿದ್ದೇನೆ. ಎರಡನೆಯವರು ಪ್ರವಾದಿ. ಹತ್ತು ಸಾವಿರ ಜನ ಕೂರುವ ಪ್ರಾರ್ಥನಾ ಮಂದಿರ ಕಟ್ಟಿಸಿದವರು. ಅವರ ಹೆಂಡತಿ ನಮ್ಮೂರಿನವರು ಎಂದು ಅರಮನೆ ಘೋಷಿಸಿತು. ನಿಜವಾಗಿ ಅವರು ಹೊಳೆಯಾಚೆಯ ಊರಿನವರು. ಆದರೂ ಹೊಳೆ ನಮ್ಮದೇ ತಾನೆ, ಸ್ವಲ್ಪ ಎಳೆದರೆ ತಲುಪುತ್ತದೆ. ಮೂರನೆಯವರು ಸಿಮೆಂಟ್ ಧಣಿ. ಅವರ ಊರು ರಾಜ್ಯದ ಇನ್ನೊಂದು ತುದಿ. ಅವರ ಅಜ್ಜಿ, ಮಾವ, ಹೆಂಡತಿ, ಸಾಕಿದ ನಾಯಿ, ಯಾರೂ ನಮ್ಮೂರಿನವರಲ್ಲ.

ಮೂವರೂ ನಿಮ್ಮ ಮುಂದೆ ಉದ್ದಕ್ಕೆ ಮಲಗಿದರು. ಮೂವರಿಗೂ ನೀವು "ಈ ಕುರ್ಚಿ ನಿನ್ನದೇ" ಎಂದು ಹರಸಿದಿರಿ. ಮೂರು ಸಲವೂ ನಾವೆಲ್ಲ "ಹಾಗೇ ಆಗ್ಲಿ" ಎಂದು ಕೂಗಿದೆವು. ಗವರ್ನರ್ ಕುರ್ಚಿ ಒಂದೇ ಅಲ್ಲವೇ ಎಂದು ಯಾರೂ ಕೇಳಲಿಲ್ಲ. ಕಿರೀಟಕ್ಕೆ ಬರುವ ಮೊದಲು ನೀವು ಲಾಗೋಸಿನ ವಿಮಾ ಕಂಪನಿಯೊಂದರಲ್ಲಿ ದೊಡ್ಡ ಅಧಿಕಾರಿಯಾಗಿದ್ದಿರಂತೆ. ಯಾರು ಗೆದ್ದರೂ ನಷ್ಟವಾಗದ ಹಾಗೆ ಹರಸುವ ವಿದ್ಯೆ ಅಲ್ಲಿಯದೇ ಇರಬೇಕು. ನಿಮ್ಮನ್ನು ಹಂಗಿಸುವ ಹಕ್ಕು ನನಗೇನೂ ಇಲ್ಲ, ಬಿಡಿ. ಮೂರು ಸಲವೂ ಎಲ್ಲರಿಗಿಂತ ಜೋರಾಗಿ ಕೇಳಿದ್ದು ನನ್ನ ಡೋಲು.

ಧಣಿ ಬರುವ ಎರಡು ದಿನ ಮೊದಲು ನಿಮ್ಮ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದರು. ನಾನು ಕಾಳಿನ ಗಂಜಿ ಕುಡಿಯುತ್ತಿದ್ದೆ.

"ಮೇಷ್ಟ್ರೇ, ಅರ್ಜೆಂಟಾಗಿ ಒಂದು ಮನೆ ನೋಡಿ."

"ಬಾಡಿಗೆಗಾ?"

"ತಮಾಷೆ ಸಾಕು. ಎಂಜಿನಿಯರ್‌ಗೆ ಅಜ್ಜಿ ಸಿಕ್ಕಿದ್ಲು, ಪ್ರವಾದಿಗೆ ಮಾವ ಸಿಕ್ಕಿದ. ಧಣಿ ಒಬ್ಬರೇ ಅನಾಥರ ಥರ ಬಂದು ಅನಾಥರ ಥರ ಹೋದ್ರೆ ದೊರೆಗಳ ಮುಖ ಎಲ್ಲಿಡೋದು? ನಾಳೆ ಅವರೇ ಗೆದ್ರೆ?"

"ಅವರಿಗೂ ಈ ಊರಿಗೂ ಕೂದಲೆಳೆ ಸಂಬಂಧ ಇಲ್ವಲ್ಲ ಸ್ವಾಮಿ."

"ಇಲ್ಲ ಅಂದ್ರೆ ಮಾಡಿ. ಡೋಲು ಇರೋದು ಯಾಕೆ?"

ನಾನು ನಕ್ಕೆ. ದೊರೆಗಳೇ, ಆಗ ನಾನು ಗಂಜಿಯ ಬಟ್ಟಲು ಕೆಳಗಿಟ್ಟು ಆತನನ್ನು ಅಂಗಳದಿಂದ ಆಚೆಗೆ ಕಳಿಸಬೇಕಿತ್ತು. ನಕ್ಕೆ, ಗಂಜಿ ಮುಗಿಸಿದೆ, ನೋಡೋಣ ಎಂದೆ. ಹಣಕ್ಕೆ ಹೀಗೆ ಮಾಡಿದೆ ಎಂದು ಜನ ಅಂದುಕೊಳ್ಳುತ್ತಾರೆ. ಹಾಗಿದ್ದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಕಾರಣ ಅದಕ್ಕಿಂತ ಸಣ್ಣದು. ಪ್ರವಾದಿ ಬಂದ ದಿನ ಅವರ ಜೊತೆ ಪಟ್ಟಣದ ಡೋಲಿನವರು ಧ್ವನಿವರ್ಧಕ ಹೊತ್ತು ಬಂದಿದ್ದರು. ಅವರ ಸದ್ದಿನಲ್ಲಿ ನನ್ನ ಡೋಲು ಮುಳುಗಿಹೋಯಿತು. ಎಲ್ಲ ಮುಗಿದ ಮೇಲೆ ನೀವು ನನ್ನತ್ತ ತಿರುಗಿ, "ಅಯಾನ್‌ಲೆರೆ, ನಿನ್ನ ಕೈ ತಣ್ಣಗಾಗಿದೆಯಲ್ಲಪ್ಪಾ" ಎಂದಿರಿ. ಅರಮನೆಯ ಮುಖಂಡರೆಲ್ಲ ನಕ್ಕರು. ಆ ನಗು ನನ್ನ ಕಿವಿಯಲ್ಲೇ ಉಳಿದಿತ್ತು. ಧಣಿ ಬರುವ ದಿನ ಇಡೀ ಊರು ತಿರುಗಿ ನೋಡುವ ಹಾಗೆ ಬಾರಿಸಬೇಕು ಎಂದು ಹಟ ಹುಟ್ಟಿತ್ತು. ಅರವತ್ತಾರು ವರ್ಷದ ಮುದುಕನಿಗೆ ಮೆಚ್ಚುಗೆಯ ಹಸಿವು. ಅಷ್ಟೇ ಕಾರಣ.

ಆದ್ದರಿಂದ ಊರಿನಲ್ಲೇ ಚೆಂದದ ಬಿರುದಾವಳಿಯನ್ನು ಆರಿಸಿದೆ. ಅದು ಅಲಾರೊ ಮನೆಯದು, ನೀಲಿ ಬಣ್ಣ ಹಾಕುವವರದು. "ನೀಲಿಯಲ್ಲಿ ಮೊಣಕೈವರೆಗೆ ಅದ್ದಿಯೂ ಮನಸ್ಸನ್ನು ಬಿಳಿಯಾಗಿ ಇಟ್ಟವರ ಮಗನೇ, ರಾತ್ರಿಯನ್ನು ಮಡಕೆಯಲ್ಲಿ ಕಾಸಿ ಹಬ್ಬಕ್ಕೆ ಉಡಿಸಿದವರ ಮಗನೇ, ಎಷ್ಟು ಒಗೆದರೂ ಬಣ್ಣ ಬಿಡದವರ ಮಗನೇ, ದಾರಿ ದೂರವಿತ್ತು, ಬಾ, ಮನೆ ಇಲ್ಲೇ ಇದೆ." ಈ ಕಡೆಯ ಸಾಲು ಬಹಳ ದಿನದ ಮೇಲೆ ಊರಿಗೆ ಮರಳಿದವನಿಗೆ ಮಾತ್ರ ಬಾರಿಸುವುದು. ಇಪ್ಪತ್ತು ವರ್ಷದಿಂದ ಆ ಮನೆಯ ಬಿರುದಾವಳಿಯನ್ನು ಯಾರೂ ಬಾರಿಸಿರಲಿಲ್ಲ. ಬಾರಿಸಿಕೊಳ್ಳಲು ಆ ಮನೆಯಲ್ಲಿ ಗಂಡಸೇ ಉಳಿದಿರಲಿಲ್ಲ. ಕೇಳುವವರು ಯಾರು ಎಂದುಕೊಂಡೆ.

ಕೇಳುವವರು ಒಬ್ಬರಿದ್ದರು. ಅವರು ಇರುವುದು ನನಗೆ ಗೊತ್ತೂ ಇತ್ತು. ಇಯಾ ಅವೆರೊ, ಎಪ್ಪತ್ತೆಂಟು ವರ್ಷದ ಮುದುಕಿ, ಊರಿನ ಆಚೆ ತುದಿಯಲ್ಲಿ ತಮ್ಮ ತವರಾದ ಅದೇ ಅಲಾರೊ ಮನೆಯಲ್ಲಿ ಬಣ್ಣದ ಮಡಕೆಗಳನ್ನೆಲ್ಲ ಬೋರಲು ಹಾಕಿಕೊಂಡು ಒಬ್ಬರೇ ಇದ್ದಾರೆ. ಸಾರಿಗೆ ಹಾಕುವ ಹುಳಿ ಬರಿಸಿದ ಕಾಳನ್ನು ಎಲೆಯಲ್ಲಿ ಕಟ್ಟಿ ಮಾರುತ್ತಾರೆ. ನಮ್ಮ ಮನೆಗೂ ಅವರದೇ ಕಾಳು. ಅವರಿಗೆ ಒಬ್ಬನೇ ತಮ್ಮ, ಅಜಾನಿ. ಐವತ್ತು ವರ್ಷದ ಹಿಂದೆ ಕೋಕೋ ತೋಟದ ಕೂಲಿಗೆಂದು ಪರದೇಶಕ್ಕೆ, ಅಬಿಜಾನ್ ಕಡೆ ಹೋದವನು ಮರಳಲಿಲ್ಲ. ಕಾಗದ ಬರಲಿಲ್ಲ, ಸಾವಿನ ಸುದ್ದಿಯೂ ಬರಲಿಲ್ಲ. ಅವನ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಅವರು ಸೊಂಟದಲ್ಲೇ ಇಟ್ಟುಕೊಂಡಿದ್ದರು. ಇದೆಲ್ಲ ಊರಿಗೇ ಗೊತ್ತಿರುವ ಸಂಗತಿ. ಗೊತ್ತಿದ್ದೂ ನಾನು ಆ ಕಡೆಯ ಸಾಲನ್ನು ಬಾರಿಸಿದೆ, ಅದು ಇಲ್ಲದೆ ಬಿರುದಾವಳಿ ಅಷ್ಟು ಚೆಂದ ಕೇಳುವುದಿಲ್ಲ ಎಂದು.

ಆ ಗುರುವಾರ ಧಣಿ ಕಾರಿನಿಂದ ಇಳಿದರು. ನಾನು ಬಾರಿಸಿದೆ. ಜನ ಬೆಚ್ಚಿ ತಿರುಗಿದರು. ಹಿರಿಯರು "ಅಲಾರೊ? ಅಲಾರೊ ಮನೆಯವನಾ ಇವನು?" ಎಂದು ಪಿಸುಗುಟ್ಟಿದರು. ನೀವು ತಲೆದೂಗಿದಿರಿ. ಮೆಚ್ಚಿದವರು ನಮ್ಮ ಪದ್ಧತಿಯಂತೆ ನನ್ನ ಹಣೆಗೆ ನೋಟು ಅಂಟಿಸಿದರು, ಬೆವರಿಗೆ ಚೆನ್ನಾಗಿ ಅಂಟಿದವು. ನೀವು ಎದ್ದು ನಿಂತು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಇವನು ಹೊರಗಿನವನಲ್ಲ. ಇವನು ನಮ್ಮ ಮನೆಮಗ. ಈ ಕುರ್ಚಿ ಇವನದೇ." ನಾವೆಲ್ಲ ಹಾಗೇ ಆಗ್ಲಿ ಎಂದೆವು.

ಆಗ ಗೆಣಸು ಮಾರುವ ಸಿದಿಕಾತ್ ಎದ್ದು ನಿಂತಳು. ಸಂತೆಯ ಹೆಂಗಸರ ಪರವಾಗಿ ಒಂದು ಪ್ರಶ್ನೆ ಎಂದಳು.

"ಧಣಿಗಳೇ, ಗೆದ್ರೆ ನಮ್ಮ ಹೆರಿಗೆ ಆಸ್ಪತ್ರೆಗೆ ಡಾಕ್ಟ್ರನ್ನ ಯಾವಾಗ ಕಳಿಸ್ತೀರಾ? ಬರೀ ತಿಂಗಳು ಹೇಳಿ ಸಾಕು, ತಾರೀಕು ಬೇಡ."

ಮುಖಂಡರೊಬ್ಬರು ಗದರಿದರು. "ಏ ಸಿದಿಕಾತ್, ಮನೆಗೆ ಬಂದ ಮಗನಿಗೆ ಮೊದ್ಲು ನೀರು ಕೊಡ್ತಾರೋ, ಪ್ರಶ್ನೆ ಕೇಳ್ತಾರೋ?"

"ನೀರು ಕೊಡೋಣ ಅಂದ್ರೆ ನಲ್ಲೀಲಿ ಬರ್ಬೇಕಲ್ಲ" ಎಂದು ಗೊಣಗುತ್ತಾ ಅವಳು ಕೂತಳು. ಕೆಲವರು ನಕ್ಕರು. ಧಣಿಯೂ ನಕ್ಕರು. ಉತ್ತರ ಕೊಡಲಿಲ್ಲ. ಕೊಡಬೇಕಾದ ಪ್ರಮೇಯವೇ ಬರಲಿಲ್ಲ. ಅಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಗದ್ದಲವಾಯಿತು.

ಇಯಾ ಅವೆರೊ ಬಂದಿದ್ದರು. ಊರಿನ ಆಚೆ ತುದಿಯಿಂದ ಅರಮನೆಗೆ ಅರ್ಧ ಮೈಲಿ. ಗಾಳಿ ಅತ್ತ ಬೀಸಿದರೆ ಡೋಲು ಅಲ್ಲಿಗೂ ಕೇಳುತ್ತದೆ. ಮದುವೆಯ ಕಾಲದ ನೀಲಿ ಬಟ್ಟೆ ಸುತ್ತಿಕೊಂಡಿದ್ದರು, ತಲೆವಸ್ತ್ರ ಅರ್ಧ ಬಿಚ್ಚಿತ್ತು, ಒಂದೇ ಕಾಲಲ್ಲಿ ಚಪ್ಪಲಿ. ಅವರು ಧಣಿಯತ್ತ ನೋಡಲೇ ಇಲ್ಲ. ಅಂಗಳದಲ್ಲಿದ್ದ ಮುದುಕರ ಮುಖಗಳನ್ನು ಒಂದೊಂದಾಗಿ ಹುಡುಕುತ್ತಿದ್ದರು.

"ಎಲ್ಲಿ? ಅಜಾನಿ ಎಲ್ಲಿ? ಅಯಾನ್‌ಲೆರೆ ಬಾರ್ಸಿದ್ದು ಕೇಳಿಸ್ತು. ನನ್ನ ತಮ್ಮ ಎಲ್ರೋ?"

ದೊರೆಗಳೇ, ಆ ಗಳಿಗೆ ನಿಮಗೂ ನೆನಪಿರಬೇಕು. ಆಗ ಒಬ್ಬನಾದರೂ ಬಾಯಿ ಬಿಡಬಹುದಿತ್ತು. ನೀವು ಬಿಡಬಹುದಿತ್ತು. ನಾನು ಬಿಡಲೇಬೇಕಿತ್ತು. ಬಾಯಿ ಬಿಟ್ಟವರು ನಿಮ್ಮ ಕಾರ್ಯದರ್ಶಿಗಳು. "ಅಮ್ಮಾ, ಅಜಾನಿ ಬಂದಿಲ್ಲ. ಅಜಾನಿ ಮಗ ಬಂದಿದಾರೆ. ನೋಡಿ, ಇವರೇ."

ಧಣಿ ಪಳಗಿದವರು. ಒಂದು ಕ್ಷಣ ಅಷ್ಟೇ ತಡವರಿಸಿದ್ದು. "ಅತ್ತೇ!" ಎಂದವರೇ ಬೆಳ್ಳಗಿನ ನಿಲುವಂಗಿ ಸಮೇತ ಮುದುಕಿಯ ಕಾಲ ಬುಡದಲ್ಲಿ ಉದ್ದಕ್ಕೆ ಮಲಗಿದರು. ಫೋಟೋದವರು ಓಡಿ ಬಂದರು. ಇಯಾ ಅವೆರೊ ಧಣಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಡವಿದರು. "ಕಿವಿ ನೋಡ್ರೇ, ಕಿವಿ ಅಜಾನಿದೇ" ಎಂದರು. ಆಮೇಲೆ ಯಾಕೋ ನನ್ನ ಕಡೆ ತಿರುಗಿದರು.

"ಅಯಾನ್‌ಲೆರೆ, ಹೌದಾ? ನೀನು ಹೇಳು."

ಬಾಯಿಂದ ಹೌದು ಅನ್ನಲು ನನಗೆ ಆಗಲಿಲ್ಲ. ಡೋಲನ್ನು ಕಂಕುಳಿಗೆ ಒತ್ತಿ ಅಲಾರೊ ಬಿರುದಾವಳಿಯನ್ನು ಇನ್ನೊಂದು ಸಲ ಬಾರಿಸಿದೆ. ಕಡೆಯ ಸಾಲಿನ ಸಮೇತ. ಅವರು ಅಲ್ಲೇ ಕುಸಿದು ಕೂತು ಅತ್ತರು. ನೀವು ಚಾಮರ ಎತ್ತಿ "ನಮ್ಮ ಮಣ್ಣು ತನ್ನ ಮಕ್ಕಳನ್ನ ಮರೆಯೋದಿಲ್ಲ" ಎಂದಿರಿ. ಹಿಂದಿನಿಂದ ಯಾರೋ ಸಿದಿಕಾತಳಿಗೆ "ಈಗ ಕೇಳೇ ನಿನ್ನ ಪ್ರಶ್ನೆ" ಎಂದರು. ಅವಳು ಕೇಳಲಿಲ್ಲ. ಅವಳೂ ಅಳುತ್ತಿದ್ದಳು.

ಹೊರಡುವಾಗ ಧಣಿ ಕಾರಿನ ಗಾಜು ಇಳಿಸಿ ನನ್ನನ್ನು ಕರೆದರು. "ಬಹಳ ಚೆನ್ನಾಗಿತ್ತು ಯಜಮಾನ್ರೇ. ಯಾವ ಮನೆ ಅಂದ್ರಿ? ಅಲಾ... ಏನದು?" ನಾನು ಹೇಳಿಕೊಟ್ಟೆ. ಅವರು ಪಕ್ಕದಲ್ಲಿ ಕೂತವನಿಗೆ ಬರೆದುಕೋ ಎಂದರು.

ಮರುದಿನದಿಂದಲೇ ಪೋಸ್ಟರ್ ಬಿದ್ದವು. ಮುದುಕಿಯ ಕೆನ್ನೆಗೆ ಕೆನ್ನೆ ಒತ್ತಿದ ಧಣಿ, ಕೆಳಗೆ ದಪ್ಪ ಅಕ್ಷರದಲ್ಲಿ "ಮನೆಮಗ ಮರಳಿ ಬಂದ." ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಈ ಪತ್ರದಲ್ಲಿ ಅವರ ಹೆಸರು ಬರೆಯಲು ನಾನೂ ಕೇಳಿಲ್ಲ. ಅದನ್ನೂ ನನ್ನ ತಪ್ಪುಗಳ ಜೊತೆಗೆ ಸೇರಿಸಿಕೊಳ್ಳಿ. ಐವತ್ತು ವರ್ಷ ಬೀಗ ಹಾಕಿದ್ದ ಕೋಣೆಯನ್ನು ಅವರು ತಾವೇ ತೆರೆದು ಗುಡಿಸಿ, ಪಕ್ಷದ ಕಚೇರಿಗೆಂದು ಬಿಟ್ಟುಕೊಟ್ಟಿದ್ದಾರೆ. ಅಜಾನಿಯ ಚಾಪೆ ಇದ್ದಲ್ಲಿ ಈಗ ಧ್ವಜದ ಕಟ್ಟುಗಳಿವೆ. ಮಗ ಬರುತ್ತಾನೆಂದು ಪ್ರತಿ ಭಾನುವಾರ ಕಲ್ಲಂಗಡಿ ಬೀಜದ ಸಾರು ಮಾಡಿ, ಗೆಣಸು ಕುಟ್ಟಿ ಮುದ್ದೆ ಕಟ್ಟಿಡುತ್ತಾರೆ. ಮಗ ಬಂದಿಲ್ಲ. ಕಚೇರಿಯ ಹುಡುಗರು ಉಂಡು ಹೋಗುತ್ತಾರೆ. ಅಜಾನಿ ಈಗ ಯಾವ ಊರಲ್ಲಿದ್ದಾನೆ, ಸತ್ತಿದ್ದರೆ ಸಮಾಧಿ ಎಲ್ಲಿದೆ ಎಂದು ಆ ಹುಡುಗರನ್ನು ಕೇಳಿದರಂತೆ. ಧಣಿ ಆಮೇಲೆ ಹೇಳ್ತಾರಮ್ಮ ಎಂದರಂತೆ.

ಇನ್ನು ಶನಿವಾರದ ಕಾರ್ಯಕ್ರಮ. ಧಣಿಯನ್ನು ಅಲಾರೊ ಮನೆಯ ಯಜಮಾನನೆಂದು ನೀವು ಪಟ್ಟಕ್ಕೆ ಕೂರಿಸಲಿದ್ದೀರಿ. ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಯಜಮಾನನೆಂದರೆ ಮನೆ, ಅಂಗಳ, ಹಿಂದಿನ ಜಾಗ ಎಲ್ಲದರ ಮೇಲೂ ಅವನದೇ ಮಾತು. ಅಲ್ಲಿ ಯಾರು ಇರಬೇಕು, ಯಾರು ಹೋಗಬೇಕು, ಸತ್ತವರನ್ನು ಎಲ್ಲಿ ಹೂಳಬೇಕು, ಎಲ್ಲ ಅವನೇ ಹೇಳುವುದು. ಅವತ್ತು ಇಯಾ ಅವೆರೊ ಇದಕ್ಕೆಲ್ಲ ಒಪ್ಪಿಗೆಯಿದೆ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಯಾರೂ ಬಲವಂತ ಮಾಡುತ್ತಿಲ್ಲ, ಹಿಗ್ಗಿನಿಂದ ಒತ್ತುತ್ತಾರೆ. ಒಬ್ಬನೇ ತಮ್ಮನನ್ನು ಕಳೆದುಕೊಂಡ ಮುದುಕಿಗೆ ತಮ್ಮನ ಮಗ ಸಿಕ್ಕಿದ್ದಾನಲ್ಲ. ಚುನಾವಣೆಯಲ್ಲಿ ಧಣಿ ಗೆದ್ದರೆ ಆ ಮನೆ ಅತಿಥಿಗೃಹವಾಗುತ್ತದೆ, ಸೋತರೆ ಸಿಮೆಂಟ್ ಗೋದಾಮಾಗುತ್ತದೆ. ಎರಡರಲ್ಲಿ ಯಾವುದಾದರೂ ಅವರು ಎಲ್ಲಿಗೆ ಹೋಗುತ್ತಾರೆ? ನನಗೆ ಗೊತ್ತಿಲ್ಲ. ನಿಮಗೆ ಗೊತ್ತೇ?

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಗವರ್ನರ್ ನಮ್ಮ ಮಗನೇ ಆಗಿರಬೇಕೆಂಬ ಈ ಚಪಲ ನಮಗೆ ಎಲ್ಲಿಂದ ಬಂತು? ಇಪ್ಪತ್ತೈದು ವರ್ಷದಲ್ಲಿ ಈ ರಾಜ್ಯವನ್ನು ಆಳಿದವರೆಲ್ಲ ನಮ್ಮೂರಿನ ಮಕ್ಕಳೇ. ಒಬ್ಬರು ಮೊಮ್ಮಗ, ಒಬ್ಬರು ಅಳಿಯ, ಒಬ್ಬರು ನಾವೇ ಬಿರುದು ಕೊಟ್ಟು ದತ್ತು ತೆಗೆದುಕೊಂಡವರು. ಇಷ್ಟೊಂದು ಮಕ್ಕಳನ್ನು ಹೆತ್ತ ಊರಿನ ಹೆರಿಗೆ ಆಸ್ಪತ್ರೆಗೆ ಮಾತ್ರ ಚಾವಣಿ ಇಲ್ಲ. ಅಪರಿಚಿತನೊಬ್ಬ ಓಟು ಕೇಳಲು ಬಂದರೆ ನಾವು ಅವನನ್ನು ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತೇವೆ. ಮಗ ಬಂದರೆ ಎಲೆ ಹಾಕುತ್ತೇವೆ. ಇದು ಅಭ್ಯರ್ಥಿಗಳಿಗೆ ಚೆನ್ನಾಗಿ ತಿಳಿದಿದೆ. ಅವರು ನಮ್ಮ ಅಂಗಳಕ್ಕೆ ಬರುವುದು ನೆಂಟಸ್ತಿಕೆ ಹುಡುಕಿಕೊಂಡಲ್ಲ, ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು. ಸಿದಿಕಾತಳ ಬಾಯನ್ನು ಆ ದಿನ ಮುಚ್ಚಿಸಿದ್ದು ನಿಮ್ಮ ಮುಖಂಡರಲ್ಲ, ನನ್ನ ಡೋಲು. ಧಣಿ ಪರಸ್ಥಳದವರಾಗಿಯೇ ಬಂದು, ಪರಸ್ಥಳದವರಾಗಿಯೇ ನಿಂತು, ಅವಳಿಗೆ ಉತ್ತರ ಕೊಟ್ಟಿದ್ದರೆ ನಾನೇ ಅವರಿಗೆ ಓಟು ಹಾಕುತ್ತಿದ್ದೆನೋ ಏನೋ. ಪರಸ್ಥಳದವನಾಗಿರುವುದು ತಪ್ಪಲ್ಲವಲ್ಲ. ಎಂಜಿನಿಯರ್ ಅಜ್ಜಿ ನಿಜವಾಗಿಯೂ ನಮ್ಮವಳು ಎಂಬ ಕಾರಣಕ್ಕೆ ಅವರು ಒಳ್ಳೆಯ ಗವರ್ನರ್ ಆಗುತ್ತಾರೆಂದೂ ಅಲ್ಲ. ಈ ಪತ್ರ ಯಾರಿಗೆ ಓಟು ಹಾಕಿ ಎಂದು ಹೇಳುವುದಕ್ಕಲ್ಲ. ಯಾರಿಗೂ ಸುಳ್ಳು ಮನೆ ಕಟ್ಟಿಕೊಡಬೇಡಿ ಎನ್ನುವುದಕ್ಕೆ.

ಹಾಗಾದರೆ ಮೊದಲು ಹೋಗಿ ಆ ಮುದುಕಿಗೆ ಹೇಳು, ಆಮೇಲೆ ದೊರೆಗೆ ಬರೆ ಎಂದು ಓದುಗರು ಹೇಳುತ್ತಾರೆ. ಸರಿಯಾದ ಮಾತು. ನಿನ್ನೆ ಬೆಳಗ್ಗೆ ಹೋಗಿದ್ದೆ. ಅವರು ಅಂಗಳದಲ್ಲಿ ಕೂತು ಕಾಳು ತೊಳೆಯುತ್ತಿದ್ದರು. ಎದುರಿಗೆ ಕೂತೆ. ಮೂರು ವಾರದಿಂದ ಬಾಯಿಪಾಠ ಮಾಡಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಅಮ್ಮಾ, ಆ ದಿನ ನಾನು ಬಾರ್ಸಿದ್ದು ಸುಳ್ಳು. ಆ ಮನುಷ್ಯ ಅಜಾನಿ ಮಗ ಅಲ್ಲ. ಅಜಾನಿ ಎಲ್ಲಿದಾನೋ, ಇದಾನೋ ಇಲ್ವೋ, ಯಾರಿಗೂ ಗೊತ್ತಿಲ್ಲ. ಶನಿವಾರ ಹೆಬ್ಬೆಟ್ಟು ಒತ್ಬೇಡಿ."

ಅವರ ಕೈ ನಿಲ್ಲಲಿಲ್ಲ. "ಯಾರು ಕಳಿಸಿದ್ರು ನಿನ್ನ?"

"ಯಾರೂ ಇಲ್ಲಮ್ಮಾ. ನಾನೇ ಬಂದೆ."

"ಎಂಜಿನಿಯರ್ ಕಡೆಯೋರಾ, ಪ್ರವಾದಿ ಕಡೆಯೋರಾ?" ಎಂದು ನಕ್ಕರು. "ಓಟು ಬಂತು ಅಂದ್ರೆ ಯಾರ್ಯಾರ ಬಾಯಲ್ಲಿ ಏನೇನು ಹೇಳಿಸ್ತಾರಪ್ಪಾ! ನಿನಗೂ ಬಂತಾ ಈ ಗತಿ?"

"ನನ್ನ ಮಕ್ಕಳಾಣೆಗೂ ಇಲ್ಲ."

"ಆಣೆ ಯಾಕಿಡ್ತೀಯಾ? ನಿಮ್ಮಪ್ಪ ನನ್ನ ಮದುವೇಲಿ ಬಾರ್ಸಿದಾನೆ, ನಮ್ಮಪ್ಪನ ಮಣ್ಣಲ್ಲಿ ಬಾರ್ಸಿದಾನೆ. ನಿಮ್ಮನೆ ಡೋಲು ಯಾವತ್ತಾದ್ರೂ ಸುಳ್ಳು ಹೇಳಿದ್ದುಂಟಾ? ಹೇಳಿದ್ರೆ ನಿನ್ನ ಬಾಯಿ ಹೇಳೀತು."

"ಡೋಲೂ ಹೇಳ್ತು ಅಮ್ಮಾ. ನಾನೇ ಹೇಳಿಸ್ದೆ."

ಆಗ ಅವರ ಕೈ ನಿಂತಿತು. ನನ್ನ ಮುಖ ನೋಡಿದರು. ತಿಳಿಯಿತೇನೋ ಎಂದುಕೊಂಡೆ. ಆಮೇಲೆ ಮೆಲ್ಲಗೆ, ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದರು. "ದೊರೆ ಅಲ್ಲೇ ಕೂತಿದ್ರು. ಇವನು ನಮ್ಮ ಮನೆಮಗ ಅಂದ್ರು. ನಿನ್ನ ಬಾಯಿ ಸುಳ್ಳು, ನಿನ್ನ ಡೋಲು ಸುಳ್ಳು, ಆಯ್ತು. ದೊರೇನೂ ಸುಳ್ಳಾ?"

ಅವರು ಮತ್ತೆ ಕಾಳಿಗೆ ಕೈ ಹಾಕಿದರು.

"ಮೂರು ವಾರದಿಂದ ನನ್ನ ತಮ್ಮ ಬದುಕಿದಾನೆ ಕಣೋ. ಮದುವೆ ಆಗಿದಾನೆ, ಮಗನ್ನ ಓದಿಸಿದಾನೆ, ಮಗ ದೊಡ್ಡ ಮನುಷ್ಯ ಆಗಿದಾನೆ. ಐವತ್ತು ವರ್ಷ ನಾನು ಅವನು ಎಲ್ಲೋ ತೋಟದಲ್ಲಿ ಹಾವು ಕಚ್ಚಿ ಸತ್ತ ಅಂದ್ಕೊಂಡಿದ್ದೆ. ನಿನ್ನೊಬ್ಬನ ಮಾತಿಗೆ ಅವನ್ನ ಮತ್ತೆ ಆ ತೋಟದಲ್ಲಿ ಮಲಗಿಸ್ಲಾ? ಆಗಲ್ಲ. ದೊರೆ ಬಂದು ನನ್ನ ಮುಖ ನೋಡಿ ಅಲ್ಲ ಅನ್ನಲಿ. ಆಗ ಅಳ್ತೀನಿ."

ನಾನು ಎದ್ದಾಗ ಎಲೆಯಲ್ಲಿ ಕಟ್ಟಿದ ಕಾಳು ಕೈಗಿಟ್ಟರು. ಬೇಡ ಎನ್ನುವ ಧೈರ್ಯವೂ ನನಗಿರಲಿಲ್ಲ, ತೆಗೆದುಕೊಂಡೆ. ಬಾಗಿಲವರೆಗೆ ಬಂದು ಹೇಳಿದರು, "ಶನಿವಾರ ಬೇಗ ಬಾ. ನಮ್ಮ ಹುಡುಗನಿಗೆ ಊಟಕ್ಕೆ ಮುಂಚೆನೇ ಬಾರ್ಸ್ಬೇಕು. ಹೊಟ್ಟೆ ತುಂಬಿದ್ಮೇಲೆ ಯಾರು ಕೇಳ್ತಾರೆ?"

ದೊರೆಗಳೇ, ನನ್ನ ಬೇಡಿಕೆ ದೊಡ್ಡದಲ್ಲ. ಪಟ್ಟದ ಕಾರ್ಯಕ್ರಮ ರದ್ದು ಮಾಡಿ. ಆ ಕೋಣೆಯಿಂದ ಧ್ವಜದ ಕಟ್ಟುಗಳನ್ನು ತೆಗೆಸಿ. ಅಲಾರೊ ಮನೆ ಇಯಾ ಅವೆರೊ ಅವರದು, ಅವರು ಇರುವಷ್ಟು ಕಾಲ ಅವರದೇ ಎಂದು ಸಂತೆಯ ದಿನ ಡಂಗುರ ಸಾರಿಸಿ. ಅಭ್ಯರ್ಥಿಗಳು ಇನ್ನು ಮುಂದೆ ಅಂಗಳಕ್ಕೆ ಬಂದರೆ ಮೊದಲು ಸಿದಿಕಾತ್ ಕೇಳಲಿ, ಆಮೇಲೆ ನೀವು ಹರಸಿ. ಇವೆಲ್ಲ ಕಾರ್ಯದರ್ಶಿಗಳ ಮೂಲಕ ಆಗುವ ಕೆಲಸ. ಒಂದು ಕೆಲಸ ಮಾತ್ರ ಯಾರ ಮೂಲಕವೂ ಆಗುವುದಿಲ್ಲ. ನೀವೇ ಆ ಅಂಗಳಕ್ಕೆ ಹೋಗಬೇಕು. ಕಿರೀಟ ತೊಟ್ಟ ದೊರೆ ಪ್ರಜೆಯ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ ಎಂದು ಮುಖಂಡರು ಹೇಳುತ್ತಾರೆ. ಇಲ್ಲ, ನಿಜ. ಇಲ್ಲದ ಮಗನನ್ನು ಹುಟ್ಟಿಸಿಕೊಡುವ ಪದ್ಧತಿಯೂ ಇರಲಿಲ್ಲ, ಅದನ್ನು ನಾವಿಬ್ಬರೂ ಸೇರಿಯೇ ಶುರು ಮಾಡಿದೆವು.

ಇವತ್ತು ಮಂಗಳವಾರ. ಶನಿವಾರದ ಮುದ್ದೆಗೆ ಅವರು ಆಗಲೇ ಸಿದಿಕಾತಳ ಹತ್ತಿರ ಗೆಣಸು ಆರಿಸಿಟ್ಟು ಬಂದಿದ್ದಾರೆ. ನಾನು ಹೇಳಿದರೆ ಅವರು ನಗುತ್ತಾರೆ. ನೀವು ಹೇಳಿದರೆ ಅಳುತ್ತಾರೆ. ಅವರು ಅಳಬೇಕು, ದೊರೆಗಳೇ. ಐವತ್ತು ವರ್ಷ ಕಾದದ್ದಕ್ಕೆ ಅಷ್ಟಾದರೂ ಅವರಿಗೆ ಸಿಗಬೇಕು. ಹೋಗಿ, ಅವರ ಎದುರು ಕೂತು ಹೇಳಿ: "ಅಮ್ಮಾ, ಅವನು ನಿಮ್ಮ ಅಜಾನಿ ಮಗ ಅಲ್ಲ."

ಇಂತಿ,
ನಿಜ ಹೇಳಿದರೂ ಯಾರೂ ನಂಬದ,
ಶನಿವಾರದವರೆಗೆ ಮಾತ್ರ ಅರಮನೆಯ ಡೋಲುಗಾರ,
ಅಯಾನ್‌ಲೆರೆ
ಒಡೊ-ಇರೊಕೊ